ಮರೂನ್ ಬೆಡ್‌ಶೀಟಿನ ಮಾಸಿದ ಪಟ್ಟಿ

ಬಟ್ಟೆ ಅಂಗಡಿಯವರನ್ನು ನಾನು ಎಂದೂ ನಂಬಿದವಳಲ್ಲ. ತೊಂಬತ್ತರ ದಶಕದಲ್ಲಿ ಸಕಲೇಶಪುರಕ್ಕೆ ಬೆಡ್‌ಶೀಟ್ ಕೊಳ್ಳಲು ಹೋದರೆ, ಬಿಳಿ ಕರ್ಚೀಫನ್ನು ಒದ್ದೆ ಮಾಡಿಕೊಂಡೇ ಅಂಗಡಿಗೆ ಕಾಲಿಡುತ್ತಿದ್ದೆ. ಅದನ್ನು ಬಟ್ಟೆಯ ಮೂಲೆಗೆ ತಿಕ್ಕಿ, ಬೆಳಕಿಗೆ ಹಿಡಿದು ನೇಯ್ಗೆ ನೋಡಿ, ಗಂಜಿ ಹಾಕಿ ದಪ್ಪ ಮಾಡಿದ್ದಾರೋ ಎಂದು ಉಜ್ಜಿ, ಆಮೇಲೆ ಮಾತು. "ಬಣ್ಣ ಹೋದ್ರೆ ನನ್ನ ಕೇಳಿ ಕಣ್ರಮ್ಮ" ಎಂದು ಒಮ್ಮೆ ಮರೂನ್ ಬೆಡ್‌ಶೀಟೊಂದನ್ನು ಬಿಡಿಸಿದ ಅಂಗಡಿಯವನನ್ನು ನೋಡಿ ನಕ್ಕೆನೇ ಹೊರತು ನಂಬಲಿಲ್ಲ. ಆದರೂ ಆ ಮರೂನ್ ಬೆಡ್‌ಶೀಟ್ ನನ್ನ ಎಲ್ಲ ಪರೀಕ್ಷೆಯಲ್ಲೂ ಪಾಸಾಯಿತು.

ಯಸಳೂರಿನ ಹತ್ತಿರದ ನಮ್ಮ ಮನೆಗೆ ತಂದವಳೇ ಉಪ್ಪು ನೀರಿನಲ್ಲಿ ನೆನೆಸಿದೆ. ಕಾಫಿ ತೋಟದ ಕೂಲಿಯವರ ಸಾಲುಮನೆಗಳಾದ ಲೈನಿನಿಂದ ಬಟ್ಟೆ ಒಗೆಯಲು ಬರುತ್ತಿದ್ದ ಹೆಂಗಸಿಗೆ ಪಾಠವೂ ಆಯಿತು: ಬೇರೆಯಾಗಿ ಒಗೆ, ಸೋಡಾ ಮುಟ್ಟಿಸಬೇಡ, ನೆರಳಲ್ಲೇ ಒಣಗಿಸು. ಎಂಟು ವರ್ಷದಿಂದ ನಮ್ಮ ಬಟ್ಟೆ ಒಗೆಯುತ್ತಿದ್ದವಳು "ಆಯ್ತು ಅಮ್ಮಾರೆ" ಎಂದಳು, ಅಷ್ಟೆ.

ಬೇಸಿಗೆ ಮುಗಿಯುವಷ್ಟರಲ್ಲಿ ಬೆಡ್‌ಶೀಟಿನ ನಡುವೆ ಮೊಳದಗಲದ ಪಟ್ಟಿಯೊಂದು ಮಾಸಿ ಗುಲಾಬಿಯಾಗಿತ್ತು. ಏನೋ ಕಲೆ ತೆಗೆಯಲು ಬ್ಲೀಚಿಂಗ್ ಪುಡಿ ಹಾಕಿದ್ದಾಳೆ ಎಂದು ಆಗಲೇ ತೀರ್ಮಾನಿಸಿಬಿಟ್ಟೆ. ಅವಳ ಮುಂದೆ ಬಿಡಿಸಿ ಹಿಡಿದೆ. ನಾನಿನ್ನೂ ಬಾಯಿ ತೆರೆದಿರಲಿಲ್ಲ, "ನಾನೇನೂ ಹಾಕಿಲ್ಲ ಅಮ್ಮಾರೆ" ಎಂದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಳು, ಸಿಕ್ಕಿಬಿದ್ದಳು ಎಂದುಕೊಂಡೆ.

"ಹಾಗಾದ್ರೆ ಬಣ್ಣ ತಾನೇ ಎದ್ದು ಹೋಯ್ತಾ?" ಎಂದೆ. ಅಂಗಳದಾಚೆ ತೋಟದ ಸ್ಟೋರ್ ಮುಂದೆ ನಿಂತಿದ್ದ ಆಳುಗಳೆಲ್ಲ ಕೇಳಿಸಿಕೊಂಡರು. ಅವಳು ಉಳಿದ ಬಟ್ಟೆ ಹಿಂಡಿ, ನೆರಳಲ್ಲಿ ಹರವಿ ಹೋದಳು. ಮಾರನೆಯ ದಿನದಿಂದ ಬರಲಿಲ್ಲ.

ವಾರ ಕಳೆದ ಮೇಲೆ ಜ್ವರ ಬಂದು ಮಧ್ಯಾಹ್ನ ಅದೇ ಬೆಡ್‌ಶೀಟಿನ ಮೇಲೆ ಮಲಗಿದ್ದೆ. ಮಲಗುವ ಕೋಣೆ ಕತ್ತಲು ಎಂದು ನಾವೇ ಆ ವರ್ಷ ಮಾಡಿಗೆ ಒಂದು ಗಾಜಿನ ಹೆಂಚು ಕೂರಿಸಿದ್ದೆವು. ಅದರಿಂದ ಇಳಿದ ಬಿಸಿಲು ಮಂಚದ ಒಂದು ಅಂಚಿನಿಂದ ಇನ್ನೊಂದಕ್ಕೆ ನಿಧಾನ ಸರಿಯಿತು, ಸರಿಯಾಗಿ ಆ ಮಾಸಿದ ಪಟ್ಟಿಯ ಮೇಲೆಯೇ. ಒಗೆದ ಬಟ್ಟೆಗೆ ನೆರಳು ಬೇಕೆಂದ ನಾನೇ ಹಾಸಿದ ಬಟ್ಟೆಯನ್ನು ದಿನವೂ ಬಿಸಿಲಿಗೆ ಕಾಯಿಸಿದ್ದೆ. ಜ್ವರಕ್ಕಿಂತ ನಾಚಿಕೆಯೇ ಹೆಚ್ಚು ಸುಟ್ಟಿತು.

ಸಂಜೆಯೇ ಲೈನಿಗೆ ಹೋಗಿ, ಹೆಂಚಿನ ಬಿಸಿಲಿನ ವಿಷಯ ಹೇಳಿ, "ತಪ್ಪು ನಂದೇ ಕಣೆ, ನಾಳೆಯಿಂದ ಬಾ" ಎಂದೆ. ಅವಳು ಚಾಪೆ ಹಾಸಿ ಕೂರಿಸಿ, ಕಾಫಿ ಕೊಟ್ಟಳು.

"ತ್ವಾಟದ ಕೆಲ್ಸಕ್ಕೆ ಕರೀರಿ, ಬತ್ತೀನಿ. ಬಟ್ಟೆ ಮಾತ್ರ ಬ್ಯಾಡ ಅಮ್ಮಾರೆ. ನೀವು ಅಂದ ಮ್ಯಾಲೆ, ಮರೆತು ಏನಾದ್ರೂ ಹಾಕ್ಬುಟ್ನೇನೋ ಅಂತ ನಂಗೇ ನನ್ ಮ್ಯಾಲೆ ಅನುಮಾನ ಬಂದ್ಬುಡ್ತು. ಅದಿನ್ನೂ ಹೋಗಿಲ್ಲ."