ಚಿಕ್ಕಮ್ಮನ ಲೆನ್ಸಿಗೆ ಒಂದು ಕಾಲು

ಮೈದಾನದಲ್ಲಿ ಎಲ್ಲರಿಗೂ ಅವರು ಚಿಕ್ಕಮ್ಮ. ಅಕ್ಕನ ಮಗ ಫುಟ್‌ಬಾಲ್ ಆಡುತ್ತಿದ್ದ ಕಾಲದಲ್ಲಿ, ಗೆರೆಯಾಚೆ ಕ್ಯಾಮೆರಾ ಹಿಡಿದು ಕೂತಿದ್ದವರನ್ನು "ಚಿಕ್ಕಮ್ಮಾ" ಎಂದು ಕೂಗಿದ್ದೇ ನೆಪ. ಅವನು ಆಟ ಬಿಟ್ಟು ಹೊಟ್ಟೆ ಬೆಳೆಸಿಕೊಂಡರೂ ಆ ಹೆಸರು ಮಾತ್ರ ಮೈದಾನ ಬಿಡಲಿಲ್ಲ. ಅವರಿಗಿಂತ ಹಿರಿಯರಾದ ರೆಫರಿಯೂ ಚಿಕ್ಕಮ್ಮ ಅಂತಲೇ ಕರೆಯುತ್ತಾರೆ. ಪತ್ರಿಕೆಯ ಕ್ರೀಡಾಪುಟಕ್ಕೆ ಚಿತ್ರ ತೆಗೆಯುವುದು ಅವರ ಕೆಲಸ.

ಅವರಿಗೊಂದು ಜಂಬವಿತ್ತು. ಇರಲಿ, ಕೆಲಸ ಬಲ್ಲವರಿಗೆ ಅಷ್ಟಾದರೂ ಬೇಡವೇ? ಎಳೆಗೂಸಿನಷ್ಟು ತೂಕದ ಉದ್ದ ಲೆನ್ಸನ್ನು ಅವರು ಕೈಯಲ್ಲೇ ಹಿಡಿಯುತ್ತಿದ್ದರು. ಸ್ಟ್ಯಾಂಡು ಗೀಂಡು ಎಂದವರಿಗೆ, "ನನಗೆ ಇರೋ ಎರಡು ಕಾಲೇ ಸಾಕಪ್ಪ" ಎನ್ನುತ್ತಿದ್ದರು. ಈ ವರ್ಷ ಬಲಭುಜ ಕೈಕೊಟ್ಟಿತು. ಲೆನ್ಸ್ ಅಲುಗಿ, ಚಿತ್ರಗಳಲ್ಲಿ ಆಟಗಾರ್ತಿಯರಿಗೆ ಎರಡೆರಡು ಮೂಗು ಕಾಣತೊಡಗಿದವು. ಸಂಪಾದಕರು ಕರೆದು, ಚಹಾ ಕೊಟ್ಟು, ಮೆತ್ತಗೆ ಹೇಳಿದರು: "ಮಹಿಳೆಯರ ಫೈನಲ್ ನೀವೇ ತೆಗೀರಿ. ಅದೂ ಹೀಗೇ ಆದ್ರೆ, ಆಫೀಸಲ್ಲಿ ಕೂತು ಬೇರೆಯವರ ಫೋಟೋ ಆರಿಸಿಕೊಡಿ." ಆ ಕುರ್ಚಿಯನ್ನು ನೆನೆದೇ ಚಿಕ್ಕಮ್ಮನಿಗೆ ಜೀವ ಬಾಯಿಗೆ ಬಂತು.

ಜಂಬವನ್ನು ಮೂಟೆ ಕಟ್ಟಿ ಮೂಲೆಗಿಟ್ಟು, ಕ್ಯಾಮೆರಾ ರಿಪೇರಿಯವರ ಅಂಗಡಿಗೆ ಹೋದರು. ಅವರು ಹಳೆಯ ಸ್ನೇಹಿತರು. ಮೂರು ಬಗೆಯ ಆಸರೆ ಕೊಟ್ಟು, ಅಭ್ಯಾಸದ ಆಟದಲ್ಲಿ ಪರೀಕ್ಷೆ ಮಾಡಿ ನೋಡಿ ಎಂದರು.

ಮೊದಲನೆಯದು ಮೂರು ಕಾಲಿನ ಸ್ಟ್ಯಾಂಡು. ಬಂಡೆಯ ಹಾಗೆ ನಿಂತಿತು, ತೊಂದರೆಯೂ ಅದೇ. ಕಾಲು ಮಡಚಿ ಆಚೆ ಬದಿಗೆ ಒಯ್ಯುವಷ್ಟರಲ್ಲಿ ಚೆಂಡು ಈಚೆ ಬಂದಿರುತ್ತಿತ್ತು. ಗೆರೆಯುದ್ದಕ್ಕೂ ಓಡುತ್ತಿದ್ದ ಸಹಾಯಕ ರೆಫರಿ ಅದಕ್ಕೆ ಎಡವಿ ಬಿದ್ದು, ಬಿದ್ದಲ್ಲಿಂದಲೇ ಕೇಳಿದ: "ಚಿಕ್ಕಮ್ಮ, ಇದಕ್ಕೆ ಹಳದಿ ಕಾರ್ಡ್ ತೋರಿಸ್ಲಾ?" ಎರಡನೆಯದು ಕಾಳು ತುಂಬಿದ ಚೀಲ. ಜಾಹೀರಾತಿನ ಹಲಗೆಯ ಮೇಲಿಟ್ಟು ಲೆನ್ಸ್ ಒರಗಿಸಿದರೆ ಸೊಗಸಾಗಿತ್ತು. ಚೆಂಡು ಹಲಗೆಗೆ ಬಡಿಯುವವರೆಗೆ ಮಾತ್ರ.

ಉಳಿದಿದ್ದು ಒಂಟಿ ಕಾಲಿನ ಕೋಲು. "ಊರುಗೋಲು ಹಿಡಿಯೋ ವಯಸ್ಸಾ ನಂದು?" ಎಂದು ಗೊಣಗುತ್ತಲೇ ಸಿಕ್ಕಿಸಿದರು. ಸಂಜೆ ನೋಡಿದರೆ ಚಿತ್ರಗಳ ತುಂಬಾ ಬೂಟುಗಳು. ಲೆನ್ಸ್ ಪ್ರತಿಸಲವೂ ಮೂತಿ ಕೆಳಗೆ ಹಾಕಿತ್ತು.

ರಿಪೇರಿಯವರು ಒಮ್ಮೆ ನೋಡಿ ನಕ್ಕರು. "ಕೋಲನ್ನ ಕ್ಯಾಮೆರಾ ಅಡಿಗೆ ಹಾಕಿದ್ದೀರಲ್ಲ. ಭಾರ ಎಲ್ಲ ಇರೋದು ಮುಂದೆ. ಲೆನ್ಸ್ ಜೊತೆಗೇ ಅದರ ಸುತ್ತ ಹಾಕೋ ಒಂದು ಬಳೆ ಬಂದಿತ್ತು, ಅಡಿಯಲ್ಲಿ ಪುಟ್ಟ ಕಾಲಿರೋದು. ಕೋಲು ಅದಕ್ಕೆ ಹಾಕ್ಬೇಕು. ಎಲ್ಲಿ ಅದು?"

ಎಲ್ಲಿ ಅಂದರೆ? ಕೈಯಲ್ಲೇ ಹಿಡಿಯುವ ಶೂರರೆಲ್ಲ ಮಾಡುವ ಕೆಲಸವನ್ನೇ ಚಿಕ್ಕಮ್ಮನೂ ಮಾಡಿದ್ದರು. ಅಂಗೈಗೆ ಒತ್ತುತ್ತದೆಂದು, ಲೆನ್ಸ್ ಕೊಂಡ ದಿನವೇ ಬಳೆ ಬಿಚ್ಚಿ ಮನೆಯಲ್ಲೆಲ್ಲೋ ಎಸೆದಿದ್ದರು. ಈಗ ಮನೆಯನ್ನೆಲ್ಲ ತಲೆಕೆಳಗು ಮಾಡಿದರು. ಮನೆಯಲ್ಲೇ ಹೊಲಿಗೆ ಮಾಡುವ ಗಂಡ ಯಂತ್ರ ನಿಲ್ಲಿಸಿ ಕೇಳಿದರು: "ಆ ಕಪ್ಪು ಬಳೆನಾ?" ಕೇಳಿ ಪಕ್ಕದ ಗೋಡೆ ತೋರಿಸಿದರು. ಬಳೆಯ ಕಾಲಿನ ತೂತಿಗೆ ಮೊಳೆ ಹೊಡೆದು, ಅದರೊಳಗೆ ದೊಡ್ಡ ಕತ್ತರಿ ತೂರಿಸಿಟ್ಟಿದ್ದರು. ವರ್ಷಗಟ್ಟಲೆ ಅದು ಕಣ್ಣೆದುರೇ ಇತ್ತು. ಚಿಕ್ಕಮ್ಮ ಭುಜ ನೋಯುವಷ್ಟು ನಕ್ಕರು.

"ನಿನ್ನ ಕೆಲಸ ಉಳೀತು. ನನ್ನ ಕತ್ತರಿಗೆ ಮನೆ ಹೋಯ್ತು," ಎಂದು ಗಂಡ ಗಂಭೀರವಾಗಿ ಮೊಳೆ ಕಿತ್ತರು.

ಫೈನಲ್ ದಿನ ಬಳೆ ಲೆನ್ಸಿಗೇರಿತು, ಕೋಲು ಬಳೆಗೆ. ಭಾರವೆಲ್ಲ ನೆಲಕ್ಕಿಳಿಯಿತು. ಆಟ ಮುಗಿಯುವ ಹೊತ್ತಿಗೆ ಗೋಲು ಬಿತ್ತು. ಫೋಟೋದವರೆಲ್ಲ ಎದ್ದೆವೋ ಬಿದ್ದೆವೋ ಎಂದು ಮೂಲೆಗೆ ಓಡಿದರು. ಅಲ್ಲಿ ಗೆದ್ದವರು ಒಬ್ಬರ ಮೇಲೊಬ್ಬರು ಬಿದ್ದಿದ್ದರು. ಗೋಲು ಆದ ಕೂಡಲೇ ಲೆನ್ಸ್ ಇಳಿಸಿ ತೋಳು ಒತ್ತಿಕೊಳ್ಳುವುದು ಚಿಕ್ಕಮ್ಮನ ಅಭ್ಯಾಸ. ಇವತ್ತು ತೋಳು ದಣಿದಿರಲಿಲ್ಲ, ಕಣ್ಣು ಕ್ಯಾಮೆರಾ ಬಿಡಲಿಲ್ಲ. ಸುಮ್ಮನೆ ಕೋಲನ್ನು ನಿಂತಲ್ಲೇ ತಿರುಗಿಸಿದರು.

ಮೈದಾನದ ಆ ತುದಿಯಲ್ಲಿ, ಗೆದ್ದ ತಂಡದ ಗೋಲ್‌ಕೀಪರ್ ಹುಡುಗಿ ಒಬ್ಬಳೇ ಇದ್ದಳು. ದಪ್ಪ ಕೈಗವಸು ಮೇಲೆತ್ತಿ ಕುಣಿದಳು, ಗೋಲಿನ ಕಂಬವನ್ನು ತಬ್ಬಿ ಮುತ್ತಿಟ್ಟಳು. ಅವಳ ರೆಪ್ಪೆ ಕೂಡ ಎಣಿಸುವಷ್ಟು ಸ್ಪಷ್ಟವಾಗಿ ಸಿಕ್ಕಿತು. ಚಿಕ್ಕಮ್ಮನಿಗೆ ಕ್ಯಾಮೆರಾ ಹಿಂದೆಯೇ ಖುಷಿಗೆ ಕಣ್ಣು ತುಂಬಿತು.

ಮರುದಿನ ಮುಖಪುಟದಲ್ಲಿ ಆ ಕಂಬ, ಆ ಮುತ್ತು. ಸಂಪಾದಕರು, "ಆ ಕುರ್ಚಿಗೆ ಬೇರೆ ಯಾರನ್ನಾದ್ರೂ ನೋಡ್ತೀನಿ" ಎಂದರು. ಮಧ್ಯಾಹ್ನ ಗೋಲ್‌ಕೀಪರ್ ಹುಡುಗಿಯ ಫೋನ್ ಬಂತು.

"ಚಿಕ್ಕಮ್ಮ, ಆ ಫೋಟೋ ದೊಡ್ಡದಾಗಿ ಒಂದು ಬೇಕು. ನಾವು ಗೆದ್ದಾಗಲೆಲ್ಲ ಅಮ್ಮ ಪೇಪರಲ್ಲಿ ನನ್ನ ಹುಡುಕ್ತಾರೆ. ನೀನೂ ಆಡ್ತೀಯ ತಾನೇ ಅಂತ ಕೇಳ್ತಾರೆ. ಇವತ್ತು ಕೇಳ್ಲಿಲ್ಲ."

ಚಿಕ್ಕಮ್ಮ, ಅವಳ ಅಮ್ಮನ ಮನೆಯ ಗೋಡೆ ಎಷ್ಟು ಅಗಲವಿದೆ ಎಂದು ಕೇಳಿದರು.