ಬೆಳ್ಳಿ ಬಂದ ದಿನ

ಮಾವನ ಹಣೆಯ ವಿಭೂತಿ ಬೆಳಗ್ಗೆ ಸ್ವಲ್ಪ ಹೊತ್ತು ಕಾಣಿಸಿದರೆ ಹೆಚ್ಚು. ಗಿರಣಿಯ ಬೆಲ್ಟು ತಿರುಗಿತೆಂದರೆ ಹುಬ್ಬು, ಮೀಸೆ, ಕಿವಿಯ ಕೂದಲೆಲ್ಲ ಅಕ್ಕಿಹಿಟ್ಟಿನಲ್ಲಿ ಮುಳುಗಿ, ವಿಭೂತಿ ಯಾವುದು ಹಿಟ್ಟು ಯಾವುದು ಎಂದು ಶಿವನೇ ಹೇಳಬೇಕಿತ್ತು. ಮೂಡಿಗೆರೆಯಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದ ಅವರು ನನ್ನ ಅಮ್ಮನ ಅಣ್ಣ. ಮದುವೆಯಾಗಿರಲಿಲ್ಲ. ಅಪ್ಪ ಮೊದಲೇ ಇರಲಿಲ್ಲ. ಅಮ್ಮನೂ ತೀರಿಕೊಂಡಾಗ ಏಳು ವರ್ಷದ ನನ್ನನ್ನು ಕರೆತಂದು ಸಾಕಿದವರು ಅವರೇ.

ಮರುವರ್ಷ ಆರಿದ್ರಾ ಮಳೆ ಶುರುವಾದ ದಿನ, ಗಿರಣಿಯ ಚೀಲಗಳ ಹಿಂದೆ ಒಂದು ನಾಯಿಮರಿ ನಡುಗುತ್ತ ಕೂತಿತ್ತು. ಯಾರೋ ಬಸ್‌ಸ್ಟ್ಯಾಂಡಿನಲ್ಲಿ ಬಿಟ್ಟುಹೋಗಿದ್ದರಂತೆ. ಮೈಯೆಲ್ಲ ಬೆಳ್ಳಗಿದೆಯೆಂದು ಮಾವ ಅದನ್ನು ‘ಬೆಳ್ಳಿ’ ಎಂದು ಕರೆದು, ಮನೆಗೆ ತಂದು ಬಿಸಿನೀರು ಹೊಯ್ದರು. ಹಿಟ್ಟೆಲ್ಲ ತೊಳೆದುಹೋಗಿ ಇದ್ದಿಲಿನಂಥ ಕಪ್ಪು ಮರಿ ಮೈ ಕೊಡವಿ ನಿಂತಿತು! ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಆ ಮನೆಗೆ ಬಂದ ಮೇಲೆ ಹಾಗೆ ನಕ್ಕಿದ್ದು ಅದೇ ಮೊದಲು.

“ಒಂದ್ಸಲ ಹೆಸರಿಟ್ಟಾಯ್ತು. ಮತ್ತೆ ಬದಲಾಯ್ಸಿದ್ರೆ ಪಾಪ, ಅದಕ್ಕೆ ಬೇಜಾರಾಗಲ್ವ?” ಎಂದರು ಮಾವ.

ಅಲ್ಲಿಂದ ಪ್ರತಿ ವರ್ಷ ಆರಿದ್ರಾ ಮಳೆಯ ಮೊದಲ ದಿನ ಗಿರಣಿಗೆ ಅರ್ಧ ದಿನ ರಜೆ. ಬೆಳ್ಳಿಯನ್ನು ಮಣೆಯ ಮೇಲೆ ಕೂರಿಸಿ ತಲೆಗೆ ಎಣ್ಣೆ, ಬಿಸಿನೀರು, ಹಣೆಗೆ ಕುಂಕುಮ, ಆರತಿ. ಆಮೇಲೆ ಮಾವನ ಕೈಯದೇ ಹೋಳಿಗೆ. ಅದು ಒಂದು ಸಲವೂ ದುಂಡಗೆ ಬಂದದ್ದಿಲ್ಲ. ಹಿಟ್ಟು ಮಾಡಿಸಲು ಬಂದವರು ರೇಗಿಸುತ್ತಿದ್ದರು: “ನಾಯಿಗೂ ಹುಟ್ಟಿದ ಹಬ್ಬ ಮಾಡ್ತೀರಲ್ಲ ಮಾರಾಯ್ರೇ!”

“ಹುಟ್ಟಿದ್ದು ಎಲ್ಲೋ ಯಾವಾಗ್ಲೋ, ನಂಗೇನು ಗೊತ್ತು ಮಾರಾಯ? ನಮ್ಮನೆಗೆ ಬಂದಿದ್ದು ಗೊತ್ತಲ್ಲ, ಸಾಕು.”

ಆ ಮಾತು ನನ್ನನ್ನು ಚುಚ್ಚುತ್ತಿತ್ತು. ನಾನೂ ಬಂದವಳೇ ಅಲ್ಲವೇ? ಒಂದು ವರ್ಷ ಆರತಿ ತಟ್ಟೆ ಹಿಡಿದು ನಿಂತಿದ್ದವಳು ಕೇಳಿಯೇಬಿಟ್ಟೆ: “ಮಾವ, ನಾನು ಬಂದ ದಿನ ಯಾಕೆ ಮಾಡಲ್ಲ?”

ಮಾವನ ಕೈ ಬೆಳ್ಳಿಯ ತಲೆಯ ಮೇಲೇ ನಿಂತಿತು. “ಅದು ನಿಮ್ಮಮ್ಮನ ಕಾರ್ಯ ಮುಗಿಸಿ ಬಂದ ದಿನ ಪುಟ್ಟಿ. ಅವತ್ತು ಹೋಳಿಗೆ ತಟ್ಟಕ್ಕೆ ನನ್ನ ಕೈಲಿ ಆಗಲ್ಲ.”

ಅವರು ಕಣ್ಣೊರೆಸಿಕೊಂಡಾಗ ಕೆನ್ನೆಯ ಹಿಟ್ಟು ಒದ್ದೆಯಾಗಿ ಅಂಟಿಕೊಂಡಿತು. ಹೋದವಳು ನನಗೆ ಅಮ್ಮನಾದರೆ ಅವರಿಗೆ ತಂಗಿ ಎಂಬುದು ಅಲ್ಲಿಯವರೆಗೆ ನನಗೆ ಹೊಳೆದೇ ಇರಲಿಲ್ಲ. ಮಾವ ಎಣ್ಣೆಬಟ್ಟಲು ಎತ್ತಿಕೊಂಡರು.

“ಬಾ ಇಲ್ಲಿ. ಬೆಳ್ಳೀನ ಕೇಳ್ದೆ, ಅವಳ ದಿನದಲ್ಲಿ ನಿಂಗೂ ಪಾಲು ಕೊಡ್ತಾಳಂತೆ.”

ನನ್ನ ನೆತ್ತಿಗೆ ತಟ್ಟಿ ತಟ್ಟಿ ಎಣ್ಣೆ ಹಚ್ಚಿದರು. ಆ ವರ್ಷದಿಂದ ನಮ್ಮ ಮನೆಯಲ್ಲಿ ಎರಡು ಮಣೆ ಹಾಕುವುದು ರೂಢಿಯಾಯಿತು.

ಬೆಳ್ಳಿ ತುಂಬಾ ವರ್ಷ ಬದುಕಿದಳು. ಅವಳು ಹೋದ ಮೇಲೂ ಆರಿದ್ರಾ ಮಳೆಯ ದಿನ ಮಾವ ಎರಡೇ ಮಣೆ ಹಾಕಿದರು. ನಾನು ಮುಖ ನೋಡಿದ್ದಕ್ಕೆ, “ಹೋದಳು ಅಂತ ಬಂದಿದ್ದು ಸುಳ್ಳಾಗುತ್ತಾ?” ಎಂದರು. ಕೆಲವೇ ವರ್ಷಗಳಲ್ಲಿ ಮಾವನೂ ಹೋದರು.

ಶಾಲೆಯವರು ಬರೆದುಕೊಂಡ ಹುಟ್ಟಿದ ದಿನವೊಂದು ನನಗಿದೆ. ಕೇಳಿದವರಿಗೆ ಅದನ್ನೇ ಹೇಳುತ್ತೇನೆ. ಹೋಳಿಗೆ ಮಾಡುವುದು ಮಾತ್ರ ಬೆಳ್ಳಿ ಬಂದ ದಿನ. ನನಗೆ ದುಂಡಗೆ ತಟ್ಟಲು ಬರುತ್ತದೆ. ಆದರೂ ಅವತ್ತು ಒಂದನ್ನು ಬೇಕೆಂದೇ ಸೊಟ್ಟಗೆ ತಟ್ಟಿ, ಮೊದಲು ಅದನ್ನು ತಿನ್ನುತ್ತೇನೆ.