ಒಣ ಕೈಯ ಗುರುತು

ಕೆರೆಯ ದಂಡೆಗೆ ಗಾಳ ಹಿಡಿದು ಬರುವವರೆಲ್ಲ ಅವಳನ್ನು ಗಾಳದಕ್ಕ ಎಂದೇ ಕರೆಯುತ್ತಿದ್ದರು. ಹಾಗೆಂದು ಅವಳು ಒಂದು ದಿನವೂ ನೀರಿಗೆ ಗಾಳ ಇಳಿಬಿಟ್ಟವಳಲ್ಲ. ಬೇರೆಯವರು ಸಿಕ್ಕಿಸಿದ್ದನ್ನು ಬಿಡಿಸುವುದು ಅವಳ ಕೆಲಸ. ಮೀನಿನ ದವಡೆಯಿಂದ, ಕಿವಿರಿನಿಂದ, ನುಂಗಿಬಿಟ್ಟಿದ್ದರೆ ಗಂಟಲಿನ ಆಳದಿಂದ. ವಾರಕ್ಕೊಮ್ಮೆಯಾದರೂ ಮನುಷ್ಯರ ಮೈಯಿಂದ. ಹಿಂದಕ್ಕೆ ಬೀಸಿದ ಗಾಳ ಪಕ್ಕದವನ ಕಿವಿಯನ್ನೋ ತಮ್ಮದೇ ಹೆಬ್ಬೆರಳನ್ನೋ ಕಚ್ಚಿಕೊಂಡಾಗ, ಮೀಸೆ ಹೊತ್ತ ಗಂಡಸರು ಎಳೆಮಕ್ಕಳ ಹಾಗೆ ಕೂಗಿಕೊಂಡು ಅವಳ ತಗಡಿನ ಶೆಡ್ಡಿಗೆ ಓಡಿಬರುತ್ತಿದ್ದರು.

ಒಮ್ಮೆ ಎರಡು ವರ್ಷದ ಹೆಣ್ಣುಮಗುವಿನ ಕೆನ್ನೆಗೇ ಸಿಕ್ಕಿತ್ತು. ತಾಯಿ ಗಾಬರಿಯಲ್ಲಿ ದಾರ ಹಿಡಿದು ಎಳೆಯಹೊರಟಿದ್ದಳು. ಗಾಳದಕ್ಕ ಆ ತಾಯಿಯ ಕೈಗೆ ಫಟ್ಟನೆ ಹೊಡೆದು ಬಿಡಿಸಿದಳು.

"ಎಳೆದ್ರೆ ಕೆನ್ನೆಯೇ ಕಿತ್ತು ಬರುತ್ತೆ ಕಣಮ್ಮಾ! ಒಳಗಡೆ ಹಿಂದಕ್ಕೆ ಬಾಗಿದ ಮುಳ್ಳಿದೆ. ಬಂದ ದಾರೀಲಿ ವಾಪಸ್ ಹೋಗಲ್ಲ ಇದು, ಮುಂದಕ್ಕೇ ಹೋಗಬೇಕು."

ಮಗುವಿನ ತಲೆಯನ್ನು ತೊಡೆಗಳ ನಡುವೆ ಒತ್ತಿ ಹಿಡಿದಳು. ಗಾಳದ ಮೊನೆಯನ್ನು ಇನ್ನಷ್ಟು ತಳ್ಳಿ ಚರ್ಮದಿಂದಾಚೆ ಹಾಯಿಸಿ, ಮುಳ್ಳನ್ನು ಇಕ್ಕಳದಿಂದ ಕಟಕ್ಕನೆ ಕತ್ತರಿಸಿ, ಉಳಿದ ಕಂಬಿಯನ್ನು ಹಿಂದಕ್ಕೆ ಜಾರಿಸಿ ತೆಗೆದಳು. ಅಷ್ಟರಲ್ಲಿ ತಾಯಿಗೆ ಎಚ್ಚರ ತಪ್ಪಿತ್ತು. ಮಗುವೇ ವಾಸಿ, ಎರಡು ಸಲ ಕಿರುಚಿ ಸುಮ್ಮನಾಯಿತು.

ಈ ಗಟ್ಟಿತನ ಅಪ್ಪನಿಂದ ಬಂದದ್ದು. ಅಪ್ಪ ಮಾರುಕಟ್ಟೆಯಲ್ಲಿ ಮೀನು ಕತ್ತರಿಸುತ್ತಿದ್ದ. ಒದ್ದಾಡುವ ಮೀನನ್ನು ಒಣ ಗೋಣಿತಟ್ಟಿನಲ್ಲಿ ಅಮುಕಿ ಹಿಡಿ, ಜಾರುವುದಿಲ್ಲ. ಕಣ್ಣಿನ ಹಿಂದೆ ದೊಣ್ಣೆಯಿಂದ ಒಂದು ಕೊಡು, ಎರಡನೆಯದು ಬೇಕಾಗಬಾರದು. ಏಳನೆಯ ವಯಸ್ಸಿಗೇ ಅವಳಿಗೆ ಇದು ಕರಗತವಾಗಿತ್ತು. "ಹಿಡಿದ್ಮೇಲೆ ನರಳಿಸಬಾರದು ಮಗಳೇ, ಅದು ಪಾಪ. ಕೊಲ್ಲೋದು ಪಾಪ ಅಲ್ಲ, ಕೆಲಸ" ಎನ್ನುತ್ತಿದ್ದ ಅಪ್ಪ. ಮೂವತ್ತು ವರ್ಷ ಅವಳೂ ಅದೇ ಕಟ್ಟೆಯ ಮೇಲೆ ನಿಂತು ಅದನ್ನೇ ಮಾಡಿದಳು. ಅವಳ ಮದುವೆಯ ಸೀರೆಗೂ ಮೀನಿನ ರಕ್ತದ ಕಲೆಯಿತ್ತು ಎಂದು ಬೀದಿಯವರು ಆಡಿಕೊಳ್ಳುತ್ತಿದ್ದರು. ಸುಳ್ಳೇನಲ್ಲ.

ನಾಲ್ಕು ವರ್ಷದ ಹಿಂದೆ ಗಾಳದ ಸಂಘದವರು ಕೆರೆಯನ್ನು ಗುತ್ತಿಗೆಗೆ ಹಿಡಿದು ಹೊಸ ನಿಯಮ ಮಾಡಿದರು: ಹಿಡಿದ ಮೀನನ್ನು ಯಾರೂ ಮನೆಗೆ ಒಯ್ಯುವಂತಿಲ್ಲ, ಬದುಕಿಸಿ ನೀರಿಗೇ ಬಿಡಬೇಕು. ಸಂಘದ ಕಾರ್ಯದರ್ಶಿ ಹಲ್ಲಿನ ಡಾಕ್ಟರು. ಗಾಳ ಬಿಡಿಸುವುದಕ್ಕೆ ಕೈ ಪಳಗಿದವರು ಬೇಕೆಂದು ಅವರೇ ಇವಳನ್ನು ಹುಡುಕಿಕೊಂಡು ಬಂದಿದ್ದರು.

"ಕೊಂದು ತಿನ್ನೋದು ಹಸಿವು. ಬಿಟ್ಟುಕೊಡೋದು ಸಂಸ್ಕೃತಿ" ಎಂದರು ಡಾಕ್ಟರು.

"ಬಾಯಿ ಹರಿದು, ಉಸಿರು ಕಟ್ಟಿಸಿ, ಫೋಟೋ ತೆಗೆಸ್ಕೊಂಡು, ಆಮೇಲೆ ಹೋಗಪ್ಪಾ ರಾಜ ಅನ್ನೋದು ಸಂಸ್ಕೃತೀನಾ ಡಾಕ್ಟ್ರೇ? ನಮ್ಮಪ್ಪ ಒಂದೇ ಏಟಿಗೆ ಮುಗಿಸ್ತಿದ್ದ."

"ನೋಡ್ತಾ ಇರು, ಬಿಡೋದರ ಸುಖ ನಿಂಗೂ ಹತ್ತುತ್ತೆ."

ಹತ್ತಿತು. ಅದೇ ಅವಳಿಗೂ ಅಚ್ಚರಿ. ಮೊದಲ ತಿಂಗಳು ಕೈ ತಾನಾಗಿ ದೊಣ್ಣೆ ಹುಡುಕುತ್ತಿತ್ತು. ಆಮೇಲೆ, ತನ್ನ ಅಂಗೈ ಬಿಟ್ಟ ಮೀನು ಒಂದು ಗಳಿಗೆ ಬೆಪ್ಪಾಗಿ ನಿಂತು ಬಾಲ ಬಡಿದು ಕಪ್ಪು ನೀರಿಗೆ ಇಳಿದುಹೋಗುವುದನ್ನು ನೋಡುತ್ತ, ಅವಳ ಎದೆ ಹಗುರಾಗತೊಡಗಿತು. ಈಚೆಗೆ ಗಂಡನನ್ನು ಬಿಟ್ಟು ಬಂದ ಮಗಳಿಗೆ, ಆ ಮಗಳ ಆರು ತಿಂಗಳ ಕೂಸಿಗೆ ಸಂಜೆ ಅದನ್ನೇ ಬಣ್ಣಿಸುವಳು: "ಇವತ್ತು ಹನ್ನೆರಡು ಜೀವ ಬಿಟ್ಟೆ ಪುಟ್ಟೀ, ಹನ್ನೆರಡು!"

ಕೆರೆಗೆ ನೀರು ತರುವ ಕಾಲುವೆಯ ಪಕ್ಕದಲ್ಲಿ ಬಟ್ಟೆಗೆ ಬಣ್ಣ ಹಾಕುವವನ ಶೆಡ್ಡಿತ್ತು. ಮೊಣಕೈವರೆಗೂ ನೀಲಿ ಹತ್ತಿದ ಮನುಷ್ಯ. ಹೋಗುತ್ತಾ ಬರುತ್ತಾ ಅವಳನ್ನು ಕೆಣಕದಿದ್ದರೆ ಅವನಿಗೆ ತಿಂದದ್ದು ಕರಗುತ್ತಿರಲಿಲ್ಲ.

"ಏನಕ್ಕಾ, ಹಲ್ಲಿನ ಡಾಕ್ಟ್ರು ಜನರ ಹಲ್ಲು ಕಿತ್ತು ಮೀನಿನ ಬಾಯಿಗೆ ಕನಿಕರ ಪಡ್ತಾರಂತೆ?"

"ಮುಚ್ಕೊಂಡು ಹೋಗೋ. ನಿನ್ನ ಬಣ್ಣ ಒಂದೇ ಒಗೆತಕ್ಕೆ ಬಟ್ಟೆ ಬಿಡುತ್ತೆ, ನಿನ್ನ ಕೈ ಮಾತ್ರ ಸಾಯೋವರೆಗೂ ಬಿಡಲ್ಲ."

"ಅದಕ್ಕೇ ಅಕ್ಕಾ, ನಾನು ಕಳ್ಳತನ ಕಲೀಲಿಲ್ಲ!"

ಶೆಡ್ಡಿನಲ್ಲಿ ಅಪ್ಪನ ಕಾಲದ ಗೋಣಿತಟ್ಟೇ ನಡೆಯುತ್ತಿತ್ತು. ಅದು ಹೊಲಸಾಗಿ ಕಾಣುತ್ತದೆಂದು ಡಾಕ್ಟರು ಒರಟು ಬಿಳಿ ಟವೆಲುಗಳನ್ನು ತಂದುಕೊಟ್ಟರು. ಮೀನು ಬಂದೊಡನೆ ಒಣ ಟವೆಲಿನಲ್ಲಿ ಎಡಗೈಯಿಂದ ಅಮುಕಿ ಹಿಡಿಯುವುದು, ಗಾಳ ಬಿಡಿಸುವುದು, ಫೋಟೋದಲ್ಲಿ ಕೈಜಾರದಂತೆ ಮೈಯ ಲೋಳೆಯನ್ನೆಲ್ಲ ತಲೆಯಿಂದ ಬಾಲದವರೆಗೆ ಚೊಕ್ಕವಾಗಿ ಒರೆಸುವುದು, ಹಿಡಿದವನ ಕೈಗೆ ಕೊಡುವುದು, ಫೋಟೋ ಆದಮೇಲೆ ನೀರಿಗೆ ಬಿಡುವುದು. ಇಷ್ಟು ಚೊಕ್ಕವಾಗಿ ಮಾಡುವವಳು ಇನ್ನೊಬ್ಬಳಿಲ್ಲ ಎಂದು ಎಲ್ಲರೂ ಹೊಗಳಿದರು. ಆ ಲೋಳೆಯೇ ಮೀನಿನ ಮೈಗೆ ಕಾವಲು, ಒರೆಸಬಾರದು ಎಂದು ಹೇಳಿಕೊಡುವವರು ಅಲ್ಲಿ ಯಾರೂ ಇರಲಿಲ್ಲ. ಅಪ್ಪನ ಕಟ್ಟೆಯ ಮೇಲೆ ಹಾಗೆ ಹಿಡಿದ ಮೀನು ಮತ್ತೆ ಈಜಬೇಕಾಗಿರಲಿಲ್ಲವಲ್ಲ.

ಆ ವರ್ಷದ ದೊಡ್ಡ ಪಂದ್ಯ ಮುಗಿದು ಎಂಟು ದಿನವಾಗಿತ್ತು. ಹಿಂದೆಲ್ಲ ಅಲ್ಲೊಂದು ಇಲ್ಲೊಂದು ಸತ್ತದ್ದು ಕಾಗೆಯ ಪಾಲಾಗುತ್ತಿತ್ತು; ಈ ಸಲ ಒಂದೇ ದಿನ ನೂರಾರು ಮೀನು ಅವಳ ಕೈ ಹಾದುಹೋಗಿದ್ದವು. ಮುಂಜಾನೆ ಅವಳು ಬರುವ ಹೊತ್ತಿಗೆ ನೀರಿನಂಚಿನಲ್ಲಿ ಮೀನುಗಳು ಹೊಟ್ಟೆ ಮೇಲು ಮಾಡಿ ತೇಲುತ್ತಿದ್ದವು. ದೊಡ್ಡವೇ. ಕಾಗೆಗಳು ಕಣ್ಣು ಕುಕ್ಕಿ ತಿನ್ನುತ್ತಿದ್ದವು. ಗಾಳ ಹಾಕಲು ಬಂದ ಹತ್ತು ಹದಿನೈದು ಜನ ಮೂಗಿಗೆ ಬಟ್ಟೆ ಹಿಡಿದು ನಿಂತಿದ್ದರು. ಡಾಕ್ಟರ ಮುಖ ಸುಣ್ಣದಂತಾಗಿತ್ತು.

"ನಾಲ್ಕು ವರ್ಷ ಒಂದನ್ನೂ ಕೊಲ್ಲದೆ ಸಾಕಿದ್ವಲ್ಲ! ಯಾರು ಇದಕ್ಕೆ ವಿಷ ಹಾಕಿದ್ದು?"

ಗಾಳದಕ್ಕನಿಗೆ ಮೌನ ತಡೆಯದು. ಸತ್ತ ಮನೆಯಲ್ಲೂ ಏನಾದರೊಂದು ಅಂದುಬಿಡುವ ಬಾಯಿ ಅವಳದು. "ಇನ್ಯಾರು, ನಮ್ಮ ಬಣ್ಣದವನೇ. ಅವನ ನೀಲಿ ನೀರು ಕುಡಿದು ಸ್ವರ್ಗ ಕಂಡಿರ್ತವೆ ಬಿಡಿ" ಎಂದಳು.

ನಗಲಿ ಎಂದೇ ಅಂದದ್ದು. ಯಾರೂ ನಗಲಿಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ಎಲ್ಲ ಊರಲ್ಲೂ ಇರುತ್ತಾರೆ. ಒಬ್ಬ "ಹೌದಲ್ಲಾ!" ಎಂದ. ಇನ್ನೊಬ್ಬ ಕಾಲುವೆಯ ಕಡೆ ಕೈ ಮಾಡಿದ. ಡಾಕ್ಟರು ಮೊದಲು ಹೊರಟರು, ಅವರ ಹಿಂದೆ ಮೂವರು. ಒಬ್ಬನ ಕೈಯಲ್ಲಿ ದೋಣಿಯ ಹುಟ್ಟು ಇತ್ತು.

"ಏ, ತಮಾಷೆಗಂದೆ ಕಣ್ರಪ್ಪಾ!" ಎಂದು ಅವಳು ಕೂಗಿದಳು. ಹೋಗಿ ಬೈದು ಬರುತ್ತಾರೆ, ಬೈಯಲಿ, ಆಮೇಲೆ ತಾನೇ ಸಮಾಧಾನ ಮಾಡಿದರಾಯಿತು ಎಂದುಕೊಂಡು ನೀರಿಗಿಳಿದು ಸತ್ತವನ್ನು ಬುಟ್ಟಿಗೆ ತುಂಬತೊಡಗಿದಳು.

ಮೂರನೆಯ ಮೀನನ್ನು ಮಗುಚಿದಾಗ ಕೈ ನಿಂತಿತು. ಅದರ ಪಕ್ಕೆಯ ಮೇಲೆ ಹತ್ತಿಯಂಥ ಬಿಳಿ ಬೂಷ್ಟು. ಸುಮ್ಮನೆ ಹರಡಿದ ಬೂಷ್ಟಲ್ಲ. ನಾಲ್ಕು ದಪ್ಪ ಗೆರೆ, ಬೆನ್ನಿನ ಆ ಬದಿಗೆ ಒಂದು ಉಂಡೆ. ಕೆಳಗೆ ಚರ್ಮ ಕೊಳೆತು ಮಾಂಸ ಕಾಣುತ್ತಿತ್ತು. ಅವಳು ತನ್ನ ಎಡಗೈಯನ್ನು ಮೆಲ್ಲನೆ ಅದರ ಮೇಲಿಟ್ಟಳು. ಬೆರಳಿಗೆ ಬೆರಳು, ಹೆಬ್ಬೆರಳಿಗೆ ಹೆಬ್ಬೆರಳು ಕೂಡಿತು. ಇನ್ನೊಂದನ್ನು ಎತ್ತಿದಳು. ಅದೇ ಗುರುತು. ಮತ್ತೊಂದು. ಬುಟ್ಟಿಯನ್ನೇ ಬೋರಲು ಹಾಕಿದಳು. ಎಲ್ಲದರ ಮೇಲೂ ಅವಳೇ.

ಲೋಳೆ ಹೋದ ಮೈ. ಟವೆಲು ಅಮುಕಿದ ಕಡೆಯೇ ಕೊಳೆತ ಮೈ. ಹನ್ನೆರಡು ಜೀವ ಬಿಟ್ಟೆ ಎಂದು ಕೂಸಿಗೆ ಹೇಳಿದ್ದಳಲ್ಲ, ಹನ್ನೆರಡನ್ನೂ ಅವಳು ದಿನಗಟ್ಟಲೆ ನರಳಿಸಿ ಕೊಂದಿದ್ದಳು. ಅಪ್ಪನ ಒಂದೇ ಏಟು ಇದಕ್ಕಿಂತ ಎಷ್ಟೋ ಮೇಲು.

ಆಗ ಕಾಲುವೆಯ ಕಡೆಯಿಂದ ಕೂಗು ಕೇಳಿತು. ಮನುಷ್ಯ ಹಾಗೆ ಕೂಗುವುದನ್ನು ಅವಳು ಮೊದಲು ಕೇಳಿರಲಿಲ್ಲ.

ಕೈಯಲ್ಲಿ ಆ ಸತ್ತ ಮೀನನ್ನು ಹಿಡಿದೇ ಓಡಿದಳು. ಬಣ್ಣದ ಶೆಡ್ಡಿನಲ್ಲಿ ಹಂಡೆಗಳು ಉರುಳಿ ನೆಲವೆಲ್ಲ ಕೆಂಪು, ನೀಲಿ. ಬಣ್ಣದವನ ಹೆಂಡತಿಯನ್ನು ಒಬ್ಬ ಜುಟ್ಟು ಹಿಡಿದು ಗೋಡೆಗೆ ಒತ್ತಿದ್ದ. ಹುಟ್ಟಿನ ಏಟಿಗೆ ಬಣ್ಣದವನ ಹಲ್ಲು ಮುರಿದು ಬಾಯಿಂದ ರಕ್ತ ಇಳಿಯುತ್ತಿತ್ತು. ಇಬ್ಬರು ಅವನ ತೋಳು ತಿರುಚಿ ಹಿಡಿದಿದ್ದರು. ಕುತ್ತಿಗೆ ಹಿಡಿದಿದ್ದವರು ಡಾಕ್ಟರು. ಎದುರಿಗೆ ಬಟ್ಟೆ ನೆನೆಸುವ ಕಾಸ್ಟಿಕ್ ಸೋಡಾದ ತೊಟ್ಟಿ.

"ಕೆರೆಗೆ ಬಿಟ್ಯಲ್ಲ, ನೀನೂ ಕುಡಿ! ಕುಡಿಯೋ!"

"ಬಿಡಿ ಡಾಕ್ಟ್ರೇ! ಅವನಲ್ಲ, ನಾನು! ನನ್ನ ಕೈ ಗುರುತು ನೋಡಿ ಇಲ್ಲಿ!" ಎಂದು ಮೀನನ್ನು ಎತ್ತಿ ಹಿಡಿದಳು. ಯಾರ ಕಿವಿಗೂ ಬೀಳಲಿಲ್ಲ. ಅವನ ಮುಖ ತೊಟ್ಟಿಯೊಳಗೆ ಹೋಯಿತು, ಮೇಲೆ ಬಂತು, ಮತ್ತೆ ಹೋಯಿತು. ಕಾಲುಗಳು ನೆಲಕ್ಕೆ ಬಡಿಯುತ್ತಿದ್ದವು. ಆ ಬಡಿತ ಅವಳಿಗೆ ಚೆನ್ನಾಗಿ ಗೊತ್ತಿದ್ದ ಬಡಿತ.

ಗೋಡೆಗೆ ಬಟ್ಟೆ ಕಲಕುವ ಕೋಲು ಒರಗಿತ್ತು. ಮೀನು ಬಿಸಾಡಿ ಕೋಲು ಎತ್ತಿದಳು. ಎಲ್ಲಿಗೆ ಹೊಡೆಯಬೇಕೆಂದು ಯೋಚಿಸಲಿಲ್ಲ. ಮೂವತ್ತು ವರ್ಷದ ಕೈ ತಾನೇ ಆರಿಸಿಕೊಂಡಿತು. ಡಾಕ್ಟರ ಮಣಿಕಟ್ಟಿನ ಮೇಲೆ ಒಂದೇ ಏಟು. ಹಸಿ ಕಡ್ಡಿ ಮುರಿದಂಥ ಸದ್ದು. ಹಲ್ಲು ಕೀಳುವ ಆ ಕೈ ತೋಳಿನ ತುದಿಯಲ್ಲಿ ಅಡ್ಡ ತಿರುಗಿ ಜೋತುಬಿತ್ತು.

"ಇನ್ಯಾರಿಗೆ ಬೇಕು? ಬನ್ರೋ! ತಲೆಗೇ ಕೊಡ್ತೀನಿ!"

ಮೂವರೂ ಹಿಂದೆ ಸರಿದರು. ಅವಳು ಬಣ್ಣದವನನ್ನು ಕಂಕುಳಿಗೆ ಕೈ ಹಾಕಿ ಹೊರಗೆ ಎಳೆದು, ನಲ್ಲಿಯ ಕೆಳಗೆ ಕೆಡವಿ, ಎದೆಯ ಮೇಲೆ ಮಂಡಿಯೂರಿ ಕೂತು ರೆಪ್ಪೆಗಳನ್ನು ಬೆರಳಿನಿಂದ ಬಿಡಿಸಿದಳು.

"ಕಣ್ಣು ಬಿಡೋ! ಬಿಡೋ ತಮ್ಮಾ, ಬೈಯೋ ನನ್ನ, ಕಣ್ಣು ಮಾತ್ರ ಮುಚ್ಚಬೇಡ!"

ಅವನು ಅವಳ ಕೈ ಕಚ್ಚಿದ. ಕಚ್ಚಲಿ ಎಂದು ಬಿಟ್ಟಳು. ಆಂಬುಲೆನ್ಸ್ ಬರುವವರೆಗೂ ನೀರು ಹರಿಸುತ್ತಲೇ ಇದ್ದಳು. ಬಲಗಣ್ಣಿನಲ್ಲಿ ಕರಿಗುಡ್ಡೆ ಕಾಣುತ್ತಿತ್ತು. ಎಡಗಣ್ಣು ಬೆಂದ ಮೀನಿನ ಕಣ್ಣಿನಂತೆ ಬೆಳ್ಳಗಾಗಿತ್ತು.

ಎರಡು ದಿನದ ಮೇಲೆ ಡಾಕ್ಟರು ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಅವಳ ಮನೆಗೆ ಬಂದರು. ಕೂತುಕೊಳ್ಳಲಿಲ್ಲ.

"ನೀನು ನನ್ನ ಕೈ ಮುರಿದದ್ದನ್ನ ನಾನು ಎಲ್ಲೂ ಹೇಳಲ್ಲ. ಈ ಕೈಲಿ ಇನ್ನು ಇಕ್ಕಳ ಹಿಡಿಯೋಕಾಗುತ್ತೋ ಇಲ್ವೋ, ಆದ್ರೂ ಹೇಳಲ್ಲ. ಗಲಾಟೇಲಿ ಅವನೇ ಜಾರಿ ತೊಟ್ಟಿಗೆ ಬಿದ್ದ ಅಂತ ನೀನು ಅನ್ನು ಸಾಕು. ಅವನ ಹೆಂಡತಿ ಮಾತು ಯಾರೂ ನಂಬಲ್ಲ. ನೀನು ಅವನ ಮನೆಯವಳಲ್ಲ, ನಿನ್ನ ಮಾತು ನಡೆಯುತ್ತೆ." ಬಾಗಿಲಿನವರೆಗೆ ಹೋಗಿ ತಿರುಗಿದರು. "ಒದ್ದೆ ಕೈಯಲ್ಲಿ ಹಿಡಿದು ಬಿಟ್ರೆ ಮೀನು ಸಾಯಲ್ವಂತೆ. ನೀನು ಬಿಸಾಡಿದ ಮೀನಿನ ಮೇಲಿನ ಗುರುತು ನೋಡಿ ವಿಚಾರಿಸಿದೆ. ಕೆಲಸ ನಿಂದೇ ಇರುತ್ತೆ."

"ಇದನ್ನ ನಾಲ್ಕು ವರ್ಷದ ಹಿಂದೆ ವಿಚಾರಿಸಬೇಕಿತ್ತು ಡಾಕ್ಟ್ರೇ. ನಾನೂ, ನೀವೂ."

ಅವರು ಹೋದಮೇಲೆ ಮಗಳು ಕೂಸನ್ನು ಅವಚಿಕೊಂಡು ಬಾಗಿಲಿಗೆ ಅಡ್ಡ ನಿಂತಳು. ಎರಡು ರಾತ್ರಿ ನಿದ್ದೆಯಿಲ್ಲದೆ ಅವಳ ಕಣ್ಣು ಕೆಂಪಾಗಿತ್ತು.

"ಅಮ್ಮಾ, ಒಪ್ಕೊಂಡ್ಬಿಡು. ನಿನ್ನ ಜೈಲಿಗೆ ಹಾಕಿದ್ರೆ ಇವಳನ್ನ ಯಾರ ಹತ್ರ ಬಿಟ್ಟು ನಾನು ಕೆಲಸಕ್ಕೆ ಹೋಗ್ಲಿ? ಜ್ವರ ಬಂದ್ರೆ? ಬಿದ್ರೆ? ಅವನ ಕಣ್ಣಂತೂ ಹೋಯ್ತು, ನೀನು ಹೇಳಿದ್ರೆ ವಾಪಸ್ ಬರುತ್ತಾ?"

"ಬರಲ್ಲ."

"ಮತ್ತೆ?"

"ಇನ್ನೊಂದು ಕಣ್ಣಿದೆಯಲ್ಲ ಮಗಳೇ. ಅದು ನನ್ನ ನೋಡುತ್ತೆ." ಮಗಳನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಚಪ್ಪಲಿ ಮೆಟ್ಟಿದಳು.

ಆಸ್ಪತ್ರೆಯಲ್ಲಿ ಬಣ್ಣದವನ ಎರಡು ಕಣ್ಣಿಗೂ ಪಟ್ಟಿ ಕಟ್ಟಿದ್ದರು. ಹೇಳಿಕೆ ಬರೆದುಕೊಳ್ಳಲು ಬಂದ ಪೊಲೀಸಿನವನು ಹಾಸಿಗೆಯ ಪಕ್ಕ ಸ್ಟೂಲಿನ ಮೇಲೆ ಕೂತಿದ್ದ. ಹೆಂಡತಿ ಕಾಲಿನ ಹತ್ತಿರ ನಿಂತಿದ್ದಳು.

"ಯಾರಮ್ಮಾ ನೀನು? ಸಾಕ್ಷಿನಾ?" ಎಂದ ಪೊಲೀಸಿನವನು.

"ಹ್ಞೂಂ ಸ್ವಾಮೀ. ಡಾಕ್ಟ್ರ ಕೈ ಮುರಿದಿದ್ದೂ ನಾನೇ. ಬರ್ಕೊಳ್ಳಿ."

"ಅಲ್ಲಿಂದ ಶುರು ಮಾಡ್ಲಾ?"

"ಅಲ್ಲಿಂದ ಬೇಡ." ಮಂಚದ ಮೇಲಿನ ನೀಲಿ ಕೈಗಳನ್ನು ನೋಡಿದಳು. "ಇವನ ನೀರು ಕುಡಿದು ಮೀನು ಸತ್ತಿರ್ತವೆ ಅಂತ ಮೊದಲು ಅಂದವಳು ನಾನು. ಅವರು ಹೊರಟಿದ್ದು ಆ ಮಾತಿಗೆ. ಅಲ್ಲಿಂದ ಬರ್ಕೊಳ್ಳಿ."

ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡಳು. ಬಣ್ಣದವನು ಸದ್ದು ಬಂದ ಕಡೆಗೆ ಮುಖ ತಿರುಗಿಸಿದ.

"ತಮಾಷೆಗಂದ್ಯಾ ಅಕ್ಕಾ?"

"ಹೌದು ಕಣೋ. ತಮಾಷೆಗೆ."

"ನಗು ಬರಲಿಲ್ಲ ನೋಡು" ಎಂದು ಅವನು ಗೋಡೆಯ ಕಡೆಗೆ ಹೊರಳಿದ.

ಅವಳು ನಿಂತೇ ಇದ್ದಳು. ಪೊಲೀಸಿನವನು ಹಾಳೆ ತಿರುವಿ, "ಹ್ಞಾಂ, ಆಮೇಲೆ?" ಎಂದ. ಅವಳು ಒಂದನ್ನೂ ಬಿಡದೆ ಹೇಳತೊಡಗಿದಳು.